ಕಿವಿಯಿಲ್ಲದ ಜೇಡ, ಕಂಬಕ್ಕೊರಗಿದ ಮಗು

ಜೇಡಕ್ಕೆ ಕಿವಿ ಇಲ್ಲ. ಈ ಮಾತನ್ನು ನಾನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಒಂಬತ್ತನೇ ತರಗತಿಯ ಮಕ್ಕಳಿಗೆ ಹೇಳುತ್ತಾ ಬಂದಿದ್ದೇನೆ. ಕಿಬ್ಬನಹಳ್ಳಿ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮೇಷ್ಟ್ರು. ಪುಸ್ತಕದಲ್ಲಿ ಜೇಡಕ್ಕೆ ಸಿಕ್ಕಿರುವುದು ನಾಲ್ಕು ಸಾಲು, ನಾನು ಮಾತ್ರ ಅದಕ್ಕೆ ಎರಡು ಪೀರಿಯಡ್ಡು ತೆಗೆದುಕೊಳ್ಳುತ್ತೇನೆ. ಜೇಡ ಹೇಗೆ ಬೇಟೆಯನ್ನು ಅರಿಯುತ್ತದೆ, ಬೇಟೆ ಹೇಗೆ ಜೇಡವನ್ನು ಅರಿಯುತ್ತದೆ ಎನ್ನುವುದರಲ್ಲಿ ನನ್ನಷ್ಟು ತಿಳಿದವನು ಈ ಮೂರು ತಾಲ್ಲೂಕಿನಲ್ಲಿ ಇಲ್ಲ ಎಂಬ ಜಂಬ ನನಗಿತ್ತು. ಅದೇ ಜಂಬದಲ್ಲಿ ನನ್ನ ಮಗಳಿಗೆ ಹುಟ್ಟಿನಿಂದಲೇ ಕಿವಿ ಕೇಳಿಸುತ್ತಿಲ್ಲ ಎಂಬುದು ನನಗೆ ಕಾಣಲಿಲ್ಲ. ಕಾಣುವ ಹೊತ್ತಿಗೆ ಅವಳಿಗೆ ನಾಲ್ಕು ವರ್ಷ ಎಂಟು ತಿಂಗಳಾಗಿತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಬಚ್ಚಿಟ್ಟು ಕಥೆ ಮಾಡುವ ಯೋಗ್ಯತೆ ನನಗಿಲ್ಲ.

ನಮ್ಮ ಊರು ನೊಣವಿನಕೆರೆಗೆ ಹತ್ತಿರ. ಮನೆ ಹಳೆಯದು. ನಡುಮನೆಯ ಮೇಲೆ ಮರದ ಅಟ್ಟ, ಅಟ್ಟದ ತೊಲೆಗಳನ್ನು ಹೊತ್ತ ನಾಲ್ಕು ಮರದ ಕಂಬ. ತೋಟದಿಂದ ಬಂದ ತೆಂಗಿನಕಾಯಿ ಸಿಪ್ಪೆ ಸಮೇತ ಅಟ್ಟ ಸೇರಿ ಹತ್ತು ಹನ್ನೊಂದು ತಿಂಗಳು ಅಲ್ಲೇ ಬಿದ್ದಿರುತ್ತದೆ. ಒಳಗಿನ ನೀರು ಹಿಂಗಿ, ತಿರುಳು ಒಣಗಿ, ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಆಗಿದೆಯೋ ಇಲ್ಲವೋ ಎಂದು ಒಡೆದು ನೋಡುವಂತಿಲ್ಲ. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ನೀರಿನ ಸದ್ದು ಬಂದರೆ ಇನ್ನೂ ಹಸಿ, ಒಳಗಿನ ಉಂಡೆ ಚಿಪ್ಪಿಗೆ ಗಟಗಟ ಬಡಿದರೆ ಕೊಬ್ಬರಿ. ನಮ್ಮವ್ವ ಇದರಲ್ಲಿ ಎತ್ತಿದ ಕೈ. ಒಂದು ಸಲ ಅಲ್ಲಾಡಿಸಿ, "ಇದಕ್ಕಿನ್ನ ಹದಿನೈದು ದಿನ ಬೇಕು ಬುಡು" ಎಂದರೆ ಹದಿನಾರನೆಯ ದಿನಕ್ಕೆ ಹೋಗುತ್ತಿರಲಿಲ್ಲ. ವ್ಯಾಪಾರಕ್ಕೆ ಬಂದವರೂ ಅವಳ ಕಿವಿಯ ಮಾತಿಗೆ ಎದುರಾಡುತ್ತಿರಲಿಲ್ಲ.

ಆ ಅಟ್ಟದಲ್ಲೇ ನನ್ನ ಜೇಡಗಳೂ ಇದ್ದವು. ಅಂಗೈ ಅಗಲದ, ಚಪ್ಪಟೆಯಾದ ಕಂದು ಜೇಡ. ನೀವೂ ನೋಡಿರುತ್ತೀರಿ. ಬಚ್ಚಲಿನ ಗೋಡೆಯ ಮೇಲೋ ಕ್ಯಾಲೆಂಡರಿನ ಹಿಂದೋ ಅಲ್ಲಾಡದೆ ಕೂತಿರುತ್ತದೆ. ಬಲೆ ನೇಯುವ ಜಾತಿಯಲ್ಲ, ಓಡಿ ಹಿಡಿದು ತಿನ್ನುವ ಜಾತಿ. ಅವ್ವ ಕಂಡ ಕೂಡಲೇ ಪೊರಕೆ ಎತ್ತುತ್ತಿದ್ದಳು. "ಅದು ಮೈಮ್ಯಾಲೆ ಉಚ್ಚೆ ಉಯ್ದ್ರೆ ಬೊಬ್ಬೆ ಏಳ್ತವೆ ಕಣ್ಲಾ, ಮೇಷ್ಟ್ರಾಗಿ ಅಷ್ಟೂ ಗೊತ್ತಾಗಲ್ವಾ ನಿಂಗೆ?" ಎಂದು ಬಯ್ಯುತ್ತಿದ್ದಳು. ನಾನು ಪೊರಕೆ ಕಸಿದುಕೊಂಡು ಜೇಡವನ್ನು ಕಾಪಾಡುತ್ತಿದ್ದೆ. ಸಂಜೆ ಸ್ಕೂಲಿನಿಂದ ಬಂದವನು ಕಾಫಿ ಕುಡಿದು ಏಣಿ ಹತ್ತಿ, ಬೆಳಕಿಗೆ ಜೇಡ ಬೆದರದಿರಲೆಂದು ಟಾರ್ಚಿಗೆ ಕೆಂಪು ಕಾಗದ ಸುತ್ತಿಕೊಂಡು, ಕಾಯಿ ರಾಶಿಯ ಪಕ್ಕ ಕೂತರೆ ಊಟಕ್ಕೆ ಕರೆಯುವವರೆಗೂ ಇಳಿಯುತ್ತಿರಲಿಲ್ಲ. ಕೆಳಗೆ ನನ್ನ ಮಗು ಆಡಿಕೊಂಡಿರುತ್ತಿತ್ತು, ನಾನು ಮೇಲೆ ಜೇಡ ನೋಡುತ್ತಿದ್ದೆ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಅಲ್ಲಿ ನಾನು ಕಂಡದ್ದು ಇಷ್ಟು. ಜೇಡ ಅಟ್ಟದ ಹಲಗೆಯ ಮೇಲೆ ಎಂಟೂ ಕಾಲನ್ನು ಹರಡಿ ಕೂರುತ್ತದೆ. ಅದಕ್ಕೆ ಎಂಟು ಕಣ್ಣುಗಳಿದ್ದರೂ ಆ ಕತ್ತಲಲ್ಲಿ ಹೆಚ್ಚು ಕೆಲಸ ಮಾಡುವುದು ಕಾಲುಗಳೇ. ಕಾಲಿನ ಗಿಣ್ಣುಗಳ ಹತ್ತಿರ ಸೂಕ್ಷ್ಮವಾದ ಸೀಳುಗಳಿವೆ, ಹಲಗೆ ಒಂದಿಷ್ಟು ಅದುರಿದರೂ ಅವುಗಳಿಗೆ ತಿಳಿಯುತ್ತದೆ. ಕಾಲ ಮೇಲೆ ನವಿರಾದ ಕೂದಲುಗಳಿವೆ, ಗಾಳಿ ಅಲುಗಿದರೆ ಅವು ಅಲುಗುತ್ತವೆ. ಮೊಳ ದೂರದಲ್ಲಿ ಜಿರಳೆ ಹೆಜ್ಜೆಯಿಟ್ಟರೆ ಯಾವ ದಿಕ್ಕಿನಿಂದ ಬರುತ್ತಿದೆ ಎಂಬುದು ಜೇಡಕ್ಕೆ ಗೊತ್ತು. ಜಿರಳೆಯೇನೂ ಪೆದ್ದಲ್ಲ. ಅದರ ಹಿಂಭಾಗದಲ್ಲಿ ಎರಡು ಚಿಕ್ಕ ಕಡ್ಡಿಗಳಿವೆ, ಅವುಗಳ ತುಂಬ ಕೂದಲು. ಜೇಡ ಹಾರಿದಾಗ ಅದರ ಮೈ ತಳ್ಳುವ ಗಾಳಿ ಜೇಡಕ್ಕಿಂತ ಮೊದಲು ಬಂದು ಆ ಕೂದಲನ್ನು ತಾಗುತ್ತದೆ. ತಾಗಿದ ಮರುಕ್ಷಣ ಜಿರಳೆ ತಿರುಗಿ ಓಡಿರುತ್ತದೆ. ಅದಕ್ಕೇ ಜೇಡ ದೂರದಿಂದ ನುಗ್ಗುವುದಿಲ್ಲ, ಮಿಸುಕದೆ ಕಾಯುತ್ತದೆ. ಜಿರಳೆಯೂ ಅನುಮಾನ ಬಂದರೆ ಮೀಸೆ ಕೂಡ ಆಡಿಸದೆ ನಿಂತುಬಿಡುತ್ತದೆ. ಎಷ್ಟೋ ಸಲ ಎರಡೂ ಹಾಗೆ ನಿಂತಿರುವುದನ್ನು ನೋಡುತ್ತಾ ನನ್ನ ಕಾಲು ಜೋಮು ಹಿಡಿದಿದೆ.

ತರಗತಿಯಲ್ಲಿ ಇದನ್ನು ತೋರಿಸಲು ನನ್ನದೇ ಒಂದು ಪ್ರಯೋಗವಿತ್ತು. ಜೇಡವನ್ನು ಉಪ್ಪಿನಕಾಯಿಯ ಖಾಲಿ ಬಾಟಲಿಗೆ ಹಾಕಿ ಮೇಜಿನ ಮೇಲಿಡುತ್ತಿದ್ದೆ. ಮೇಜಿನ ಇನ್ನೊಂದು ತುದಿಯನ್ನು ಬೆರಳಿನಿಂದ ಕುಟ್ಟಿದರೆ ಜೇಡ ಕಾಲು ಸೆಟೆಸಿ ಆ ಕಡೆ ತಿರುಗುತ್ತಿತ್ತು. ಮಕ್ಕಳು, "ಸಾರ್, ಅದಕ್ಕೆ ಕೇಳುಸ್ತು" ಎನ್ನುತ್ತಿದ್ದರು. ಆಮೇಲೆ ಅದೇ ಬಾಟಲಿಯನ್ನು ನಾಲ್ಕು ಮಡಿಕೆ ಹಾಕಿದ ಕಂಬಳಿಯ ಮೇಲಿಟ್ಟು ಮತ್ತೆ ಕುಟ್ಟುತ್ತಿದ್ದೆ. ಪಕ್ಕದಲ್ಲಿ ಊಟದ ತಟ್ಟೆ ಬಾರಿಸುತ್ತಿದ್ದೆ. ಜೇಡ ಕದಲುತ್ತಿರಲಿಲ್ಲ. "ಈಗ ಹೇಳಿ, ಅದು ಕೇಳಿಸಿಕೊಂಡಿದ್ದಾ, ಮುಟ್ಟಿ ತಿಳ್ಕೊಂಡಿದ್ದಾ?" ಎಂದು ಕೇಳಿ ಮೀಸೆ ತಿರುವುತ್ತಿದ್ದೆ. ಒಳ್ಳೆಯ ಮೇಷ್ಟ್ರು ಎಂದು ನನಗೆ ಹೆಸರು ಬಂದಿದ್ದೇ ಇಂಥವುಗಳಿಂದ.

ಮಗಳ ವಿಷಯದಲ್ಲಿ ಮೊದಲು ಅನುಮಾನ ಪಟ್ಟವಳು ನನ್ನ ಹೆಂಡತಿ. ಮಗುವಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಹೆಂಡತಿಯ ತವರು ದಬ್ಬೇಘಟ್ಟದ ಕಡೆ, ಓದಿದ್ದು ಪಿಯುಸಿ. ಮಾತು ಕಡಿಮೆ, ನೋಟ ಚುರುಕು. "ಕುಕ್ಕರ್ ಕೂಗಿದ್ರೂ ಎಚ್ಚರ ಆಗಲ್ಲ ಕಣ್ರೀ ಮಗೂಗೆ. ಹಿಂದೆ ನಿಂತ್ಕಂಡು ಕೂಗಿದ್ರೆ ತಿರುಗಲ್ಲ" ಎಂದಳು. ನಾನು, "ನಿದ್ದೆ ಚೆನ್ನಾಗಿ ಮಾಡ್ತೈತೆ ಅಂತ ಖುಷಿ ಪಡೋದು ಬಿಟ್ಟು ಅದಕ್ಕೂ ಗೊಣಗ್ತೀಯಲ್ಲೇ" ಎಂದು ನಕ್ಕೆ. ಒಂದೂವರೆ ವರ್ಷವಾದರೂ ಅಮ್ಮ ಎಂಬ ಒಂದು ಮಾತು ಬರದಿದ್ದಾಗ ಅವ್ವ ಬಜೆ ತೇದು ನಾಲಿಗೆಗೆ ಹಚ್ಚಿದಳು. "ಇವರಪ್ಪಾನೂ ಮೂರು ವರ್ಸಕ್ಕೆ ಬಾಯಿ ಬಿಟ್ಟಿದ್ದು, ಈಗ ನೋಡು, ಮುಚ್ಚು ಅಂದ್ರೂ ಮುಚ್ಚಲ್ಲ" ಎಂದಳು. ಮನೆಯಲ್ಲೆಲ್ಲ ನಗು. ಹೆಂಡತಿ ನಗಲಿಲ್ಲ, ಆಸ್ಪತ್ರೆಗೆ ಹೋಗೋಣ ಎಂದಳು.

ಆಸ್ಪತ್ರೆಯ ಮಾತು ಬಂದಾಗ ಅವ್ವನಿಗೆ ರೇಗಿತು. "ಐವತ್ತು ವರ್ಸದಿಂದ ಕಾಯಿ ಅಲ್ಲಾಡ್ಸಿ ಒಳಗೇನೈತೆ ಅಂತ ಹೇಳೋಳು ನಾನು. ಮನೆ ಮೊಗೀಗೆ ಕೇಳ್ಸುತ್ತೋ ಇಲ್ವೋ ಅಂತ ಹೇಳಕ್ಕೆ ಡಾಕ್ಟ್ರು ಬೇಕಾ?" ಎಂದವಳೇ ಒಂದು ಒಣಗಿದ ಕಾಯಿ ತಂದು ಮಗುವಿನ ಬೆನ್ನ ಹಿಂದೆ ಗಟಗಟ ಅಲ್ಲಾಡಿಸಿದಳು. ಮಗು ಬಟ್ಟಲಿನಲ್ಲಿದ್ದ ಮಂಡಕ್ಕಿಯನ್ನು ಆರಿಸಿ ತಿನ್ನುತ್ತಾ ಕೂತಿತ್ತು, ತಿರುಗಲಿಲ್ಲ. "ತಿನ್ನೋದ್ರಾಗೆ ಮೈಮರ್ತೈತೆ, ತಡಿ" ಎಂದು ಅವ್ವ ಏಣಿ ಹತ್ತಿ ಅಟ್ಟದ ಮೇಲಿದ್ದ ಒಂದು ಕಾಯಿಯನ್ನು ಎತ್ತಿ ಅಲ್ಲಿನ ಹಲಗೆಯ ಮೇಲೆ ಬಿಟ್ಟಳು. ಧಡ್ ಎಂದಿತು. ಮಗು ತಟ್ಟನೆ ತಲೆಯೆತ್ತಿ ಅಟ್ಟದ ಕಡೆ ನೋಡಿತು. ಅವ್ವ ಇನ್ನೊಂದು ಬಿಟ್ಟಳು, ಮತ್ತೆ ನೋಡಿತು. ಮೂರನೆಯದಕ್ಕೆ ನಕ್ಕಿತು ಕೂಡ. "ನೋಡ್ದಾ ಮಗಾ! ಬಂಗಾರದಂಥ ಕಿವಿ ಐತೆ, ಆಡ್ಕಂಡೋರ ಬಾಯಿಗೆ ಮಣ್ಣು ಬೀಳ!" ಎಂದು ಮೇಲಿನಿಂದಲೇ ಕೂಗಿದಳು.

ಮಗು ಆಗ ನಡುಮನೆಯ ಕಂಬಕ್ಕೆ ಬೆನ್ನು ಕೊಟ್ಟು ಕೂತಿತ್ತು. ಅದು ಯಾವಾಗಲೂ ಅಲ್ಲೇ ಕೂರುತ್ತಿತ್ತು. ಎತ್ತಿ ಬೇರೆ ಕಡೆ ಕೂರಿಸಿದರೆ ತೆವಳಿಕೊಂಡು ಬಂದು ಮತ್ತೆ ಆ ಕಂಬಕ್ಕೇ ಒರಗುತ್ತಿತ್ತು. ಕಾಯಿ ಬಿದ್ದ ಅದುರು ಹಲಗೆಯಿಂದ ತೊಲೆಗೆ, ತೊಲೆಯಿಂದ ಕಂಬಕ್ಕೆ, ಕಂಬದಿಂದ ಅದರ ಬೆನ್ನಿಗೆ ಇಳಿಯುತ್ತಿತ್ತು. ಇದನ್ನು ತಿಳಿಯಲು ವಿಜ್ಞಾನದ ಮೇಷ್ಟ್ರೇ ಆಗಬೇಕೆಂದಿಲ್ಲ. ನಾನು ಹೆಂಡತಿಯ ಕಡೆ ತಿರುಗಿ, "ಸಮಾಧಾನ ಆಯ್ತಾ?" ಎಂದೆ. ಆ ಮಾತು ಅಂದ ನನ್ನ ಬಾಯಿಗೆ ಹುಳ ಬೀಳಬೇಕಿತ್ತು.

ಅಲ್ಲಿಂದ ಮುಂದೆ ಮನೆಗೆ ಬಂದ ನೆಂಟರ ಮುಂದೆಲ್ಲ ಕಾಯಿ ಬೀಳಿಸುವ ಆಟ ನಡೆಯಿತು. ಮಾತು ಬಾರದ ಮಗುವನ್ನು ನೋಡಿ ಯಾರಾದರೂ ಅಯ್ಯೋ ಎಂದರೆ ಅವ್ವ ಏಣಿ ಹತ್ತುತ್ತಿದ್ದಳು. ಮಗು ತಲೆಯೆತ್ತುತ್ತಿತ್ತು, ಬಂದವರು ತಲೆದೂಗುತ್ತಿದ್ದರು. ಕಿವಿ ಕೇಳಿಸುತ್ತದೆ ಎಂದು ಹೀಗೆ ತೀರ್ಮಾನವಾದ ಮೇಲೆ ಕರೆದರೂ ತಿರುಗದ ಮಗುವಿಗೆ ಉಳಿದದ್ದು ಒಂದೇ ಹೆಸರು. ಹಠಮಾರಿ.

ಅವಳಿಗೆ ಮೂರು ವರ್ಷವಾದಾಗ ಒಂದು ಭಾನುವಾರ ಅಂಗಳದಲ್ಲಿ ಕಾಯಿ ಸುಲಿಯುತ್ತಿದ್ದರು. ನೆಲಕ್ಕೆ ನೆಟ್ಟ ಚೂಪಾದ ಕಬ್ಬಿಣದ ಹಾರೆಗೆ ಕಾಯಿಯನ್ನು ಚುಚ್ಚಿ ತಿರುಚಿ ಸಿಪ್ಪೆ ಬಿಡಿಸುವ ಕೆಲಸ. ಇವಳು ಅದರ ಕಡೆಗೇ ಓಡುತ್ತಿದ್ದಳು. ನಾನು ಜಗಲಿಯಿಂದ ಹೆಸರು ಹಿಡಿದು ಕೂಗಿದೆ. ನಿಲ್ಲಲಿಲ್ಲ. ಮತ್ತೆ ಕೂಗಿದೆ, ಗಂಟಲು ಹರಿಯುವಷ್ಟು. ಸುಲಿಯುವವನೇ ಕೈಯಲ್ಲಿದ್ದ ಕಾಯಿ ಬಿಟ್ಟು ಅವಳನ್ನು ತಡೆದ. ನಾನು ಇಳಿದು ಹೋಗಿ ಕೆನ್ನೆಗೆ ಬಾರಿಸಿದೆ. ಐದು ಬೆರಳೂ ಮೂಡಿದವು. ಮಗು ಅಳುವುದಕ್ಕೂ ಮೊದಲು ನನ್ನ ಬಾಯಿಯನ್ನೇ ನೋಡಿತು. ಏಕೆ ಹೊಡೆದೆ ಎಂದು ಅದಕ್ಕೆ ಗೊತ್ತಾಗಿರಲಿಲ್ಲ. ಆಮೇಲೂ ಹೊಡೆದಿದ್ದೇನೆ. ಎಷ್ಟು ಸಲ ಎಂದು ಬರೆಯಲು ನನಗೆ ಧೈರ್ಯವಿಲ್ಲ.

ಅಂದಿನಿಂದ ಒಂದು ಬದಲಾವಣೆ ಕಂಡಿತು. ನಮ್ಮ ಮನೆಯ ತಲೆಬಾಗಿಲು ದಪ್ಪ ಹಲಸಿನ ಹಲಗೆಯದು, ನಾನು ಸಂಜೆ ಬಂದು ಅದನ್ನು ತಳ್ಳಿದರೆ ಗೋಡೆಗೆ ಬಡಿಯುತ್ತಿತ್ತು. ಬಡಿದ ಕೂಡಲೇ ಕಂಬಕ್ಕೊರಗಿದ ಮಗು ಆಡುತ್ತಿದ್ದುದನ್ನು ನಿಲ್ಲಿಸಿ ಮಿಸುಕದೆ ಕೂರುತ್ತಿತ್ತು. ನಾನಿನ್ನೂ ಅದರ ಕಣ್ಣಿಗೆ ಬಿದ್ದಿರುತ್ತಿರಲಿಲ್ಲ. ಕೈಯಲ್ಲಿದ್ದ ಚಮಚ ಕೈಯಲ್ಲೇ, ಬಾಯಲ್ಲಿದ್ದ ತುತ್ತು ಬಾಯಲ್ಲೇ. ನಾನು ಹೆಂಡತಿಗೆ ತೋರಿಸಿ, "ನೋಡೇ, ನಾನು ಬಂದಿದ್ದು ಕೇಳಿಸ್ತು. ಕೇಳ್ಸಲ್ಲ ಅಂತೀಯಲ್ಲ" ಎಂದೆ. ಅವಳು ನನ್ನನ್ನು ದಿಟ್ಟಿಸಿ ನೋಡಿ ಒಳಗೆ ಹೋದಳು. ದಿನಾ ಸಂಜೆ ಅಟ್ಟದಲ್ಲಿ ಜಿರಳೆ ಹಾಗೆ ನಿಲ್ಲುವುದನ್ನು ನೋಡಿ, ಅದು ಭಯ ಎಂದು ನೋಟ್ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದವನು ನಾನು. ಕೆಳಗೆ ನನ್ನ ಮಗು ಹಾಗೆ ಕೂತರೆ ಅದು ಕಿವಿ ಚುರುಕಾಗಿರುವುದಕ್ಕೆ ಸಾಕ್ಷಿ ಎಂದುಕೊಂಡೆ. ನಾನು ಯಾವ ಪ್ರಾಣಿಯ ಜಾಗದಲ್ಲಿದ್ದೇನೆ ಎಂದು ಒಮ್ಮೆಯೂ ಯೋಚಿಸಲಿಲ್ಲ.

ಅಂಗನವಾಡಿಯ ಮೇಡಂ ಎರಡು ಸಲ ಹೇಳಿ ಕಳಿಸಿದರು, ಕಿವಿ ಪರೀಕ್ಷೆ ಮಾಡಿಸಿ ಎಂದು. ಹೆಂಡತಿ ಬೇಡಿಕೊಂಡಳು, ಜಗಳವಾಡಿದಳು, ಎರಡು ದಿನ ಊಟ ಬಿಟ್ಟಳು. ನಾನು ಮುಂದಿನ ರಜೆ, ಪರೀಕ್ಷೆ ಮುಗಿಯಲಿ, ಚುನಾವಣೆ ಡ್ಯೂಟಿ ಮುಗಿಯಲಿ ಎಂದು ಮುಂದಕ್ಕೆ ಹಾಕಿದೆ. ನಿಜ ಹೇಳಬೇಕೆಂದರೆ ನನಗೆ ನಾಚಿಕೆ. ಮೇಷ್ಟ್ರ ಮಗಳು ಕಿವುಡಿಯಂತೆ ಎಂದು ಬಸ್ಸಿನಲ್ಲಿ ಆಡಿಕೊಳ್ಳುತ್ತಾರೆ ಎಂಬ ಭಯ. ನನ್ನಷ್ಟು ಓದಿರದವಳ ಮಾತು ನಿಜವಾಗಿಬಿಟ್ಟರೆ ಎಂಬ ಹೊಟ್ಟೆಕಿಚ್ಚು ಕೂಡ ಅದರಲ್ಲಿ ಸೇರಿತ್ತು.

ಕೊನೆಗೆ ನನ್ನ ಕಣ್ಣು ತೆರೆಸಿದ್ದು ನನ್ನದೇ ಪ್ರಯೋಗ. ಒಂದು ಶನಿವಾರ ಮಧ್ಯಾಹ್ನ ಸೋಮವಾರದ ಪಾಠಕ್ಕೆಂದು ಜೇಡದ ಬಾಟಲಿಯನ್ನು ಮನೆಯ ಮೇಜಿನ ಮೇಲಿಟ್ಟು ಕುಟ್ಟಿ ನೋಡುತ್ತಿದ್ದೆ. ಆಮೇಲೆ ಕಂಬಳಿ ಮಡಿಸಿ ಅದರ ಮೇಲಿಟ್ಟೆ. ಹೆಂಡತಿ ಅಡುಗೆಮನೆ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದಳು. "ಕಂಬಳಿ ಯಾಕೆ?" ಎಂದಳು. ಮೇಜಿನ ಅದುರು ಬಾಟಲಿಗೆ ತಲುಪದಿರಲಿ ಎಂದು ವಿವರಿಸಿದೆ. ಹೆಂಡತಿಗೂ ಪಾಠ ಹೇಳುವ ಅವಕಾಶ ಸಿಕ್ಕಿತಲ್ಲ ಎಂದು ಬಹಳ ಚೆನ್ನಾಗಿಯೇ ವಿವರಿಸಿದೆ.

ಅವಳು ಹೋಗಿ ಮನೆಯಲ್ಲಿದ್ದ ಹಾಸಿಗೆ, ಕಂಬಳಿಗಳನ್ನೆಲ್ಲ ತಂದು ನಡುಮನೆಯ ಮಧ್ಯದಲ್ಲಿ, ಕಂಬಗಳಿಂದ ದೂರಕ್ಕೆ, ಒಂದರ ಮೇಲೊಂದು ಹಾಕಿದಳು. ಮಗುವನ್ನು ಎತ್ತಿ ಅದರ ಮೇಲೆ ಕೂರಿಸಿ, ತಾನು ಎದುರು ಕೂತು, ಅದರ ಕೈಗೆ ಬಣ್ಣದ ಪುಸ್ತಕ ಕೊಟ್ಟಳು. ಆಮೇಲೆ ನನ್ನ ಕಡೆ ನೋಡಿ, "ಈಗ ಹತ್ರೀ ಅಟ್ಟ. ಹಾಕ್ರೀ ಕಾಯಿ" ಎಂದಳು.

ನಾನು ಹತ್ತಿದೆ. ಒಂದು ಕಾಯಿ ಬಿಟ್ಟೆ. ಹಲಗೆಗಳ ಸಂದಿನಿಂದ ಕೆಳಗೆ ನೋಡಿದರೆ ಮಗು ಪುಸ್ತಕದ ಹಾಳೆ ಮಗುಚುತ್ತಿತ್ತು. ಎರಡನೆಯದನ್ನು ಎತ್ತರದಿಂದ ಬಿಟ್ಟೆ. ಹಿತ್ತಿಲಿನಲ್ಲಿದ್ದ ಅವ್ವ, "ಏನ್ ಬಿತ್ಲಾ?" ಎಂದು ಕೂಗಿದಳು. ಮಗು ಆನೆಯ ಚಿತ್ರದ ಮೇಲೆ ಬೆರಳಿಟ್ಟು ಅಮ್ಮನಿಗೆ ತೋರಿಸುತ್ತಿತ್ತು. ಆಮೇಲೆ ಎಷ್ಟು ಕಾಯಿ ಎಸೆದೆನೋ ಗೊತ್ತಿಲ್ಲ. ರಾಶಿಯನ್ನೇ ಕಾಲಿನಿಂದ ಒದ್ದೆ. ಧೂಳು ಸುರಿದಾಗ ಮಾತ್ರ ಮಗು ತಲೆಯೆತ್ತಿ ಮೇಲೆ ನೋಡಿತು. "ಸಾಕು ಇಳೀರಿ" ಎಂದಳು ಹೆಂಡತಿ. "ನಿಮ್ ಜೇಡಕ್ಕೆ ಮಾಡಿದ್ದನ್ನೇ ಮಾಡಿದ್ದು ಕಣ್ರೀ ನಾನು. ನಾಕು ವರ್ಸದಿಂದ ಬಾಯಲ್ಲಿ ಹೇಳಿದ್ದು ನಿಮಗೆ ಕೇಳಿಸ್ಲಿಲ್ಲ." ಅವಳ ದನಿಯಲ್ಲಿ ಅಳುವಿರಲಿಲ್ಲ, ಸಿಟ್ಟೂ ಇರಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಸೋಮವಾರ ಪಾಠ ಮಾಡಲಿಲ್ಲ. ಮೂವರೂ ಬಸ್ಸು ಹತ್ತಿ ದೊಡ್ಡ ಆಸ್ಪತ್ರೆಗೆ ಹೋದೆವು. ತಲೆಗೆ ತಂತಿ ಅಂಟಿಸಿ ಪರೀಕ್ಷೆ ಮಾಡಿದರು. ಎರಡೂ ಕಿವಿ, ಹುಟ್ಟಿನಿಂದಲೇ, ಬಹುತೇಕ ಪೂರ್ತಿ ಕಿವುಡು. ವೈದ್ಯೆ ನನಗಿಂತ ಚಿಕ್ಕವರು. ಕಾಗದ ನೋಡಿ, "ಇಷ್ಟು ತಡವಾಗಿ ಯಾಕೆ ಬಂದ್ರಿ?" ಎಂದು ಕೇಳಿದರು. ಮಗುವಿನ ಮಿದುಳು ಮಾತನ್ನು ಸುಲಭವಾಗಿ ಹಿಡಿಯುವುದು ಮೊದಲ ಮೂರು ನಾಲ್ಕು ವರ್ಷ, ಒಂದು ವರ್ಷದ ಒಳಗೆ ಬಂದಿದ್ದರೆ ದಾರಿಗಳು ಬಹಳ ಇದ್ದವು, ಈಗ ಶಸ್ತ್ರಚಿಕಿತ್ಸೆ ಮಾಡಿಸಿದರೂ ಮಾತು ಬರುತ್ತದೆಂದು ಭರವಸೆ ಕೊಡಲಾರೆ ಎಂದರು. ಕೆಲಸ ಏನು ಮಾಡುತ್ತೀರಿ ಎಂದು ಕೇಳಿದರು. ಹೆಂಡತಿಯೇ, "ಸೈನ್ಸ್ ಮೇಷ್ಟ್ರು" ಎಂದಳು.

ಅವ್ವ ಕೊನೆಯವರೆಗೂ ಒಪ್ಪಲಿಲ್ಲ. "ಕಾಯಿ ಬಿದ್ರೆ ತಿರುಗ್ತಿತ್ತಲ್ಲಪ್ಪ, ನೀನೇ ನೋಡಿದ್ಯಲ್ಲ" ಎನ್ನುತ್ತಿದ್ದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಕಿವಿಯಿಂದಲೇ ಬದುಕಿದವಳು, ತಿರುಗಿದ್ದೆಲ್ಲ ಕೇಳಿಸಿಕೊಂಡೇ ತಿರುಗಿದ್ದು ಎಂದು ನಂಬಿದಳು. ಗೊತ್ತಿದ್ದೂ ನೋಡದವನು ನಾನೊಬ್ಬನೇ. ಮಗಳಿಗೆ ಕಿವಿ ಕೇಳದಿರುವುದು ಯಾರ ತಪ್ಪೂ ಅಲ್ಲ. ನಾಲ್ಕು ವರ್ಷ ಎಂಟು ತಿಂಗಳು ಅವಳನ್ನು ಯಾವ ಭಾಷೆಯೂ ಇಲ್ಲದೆ ಬಿಟ್ಟದ್ದು ನನ್ನ ತಪ್ಪು. ಮಾತು ಬಾರದಿದ್ದರೆ ಹೋಗಲಿ, ಸನ್ನೆಯನ್ನಾದರೂ ಎಂದೋ ಕಲಿಸಬಹುದಿತ್ತು. ಹಸಿವು, ನೋವು, ಭಯ ಎಲ್ಲವೂ ಆ ಮಗುವಿನ ಒಳಗೇ ಉಳಿದವು, ಹೊರಗೆ ಬರಲು ಒಂದು ದಾರಿಯೂ ಇರಲಿಲ್ಲ. ಜೊತೆಗೆ ನನ್ನ ಏಟು ಬೇರೆ.

ಈಗ ಅವಳಿಗೆ ಹದಿಮೂರು. ಜಿಲ್ಲಾ ಕೇಂದ್ರದ ಒಂದು ಶಾಲೆಯಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಾಳೆ. ಸನ್ನೆ ಭಾಷೆ ಕಲಿತ ಮೇಲೆ ಅವಳ ಕೈಗಳು ಎಷ್ಟು ಮಾತಾಡುತ್ತವೆಂದರೆ ಅಮ್ಮ ಮಗಳು ಕೂತರೆ ಒಲೆಯ ಮೇಲಿನ ಹಾಲು ಉಕ್ಕಿಹೋಗುತ್ತದೆ. ಹೆಂಡತಿ ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಕಲಿತಳು. ನಾನೂ ಕಲಿತೆ, ಆದರೆ ನನ್ನ ಬೆರಳು ದಡ್ಡ. ಮಗಳು ನನ್ನೊಂದಿಗೆ ಮಾತಾಡುವಾಗ ಒಂದನೇ ಕ್ಲಾಸಿನ ಮಕ್ಕಳಿಗೆ ಹೇಳುವಂತೆ ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳುತ್ತಾಳೆ.

ಹೋದ ಸಂಕ್ರಾಂತಿಗೆ ಮನೆಗೆ ಬಂದಿದ್ದಳು. ಸಂಜೆ ಇಬ್ಬರೂ ಜಗಲಿಯಲ್ಲಿ ಕೂತಿದ್ದಾಗ ನನ್ನ ಕಡೆ ತಿರುಗಿ ಕೈಯಲ್ಲಿ ಕೇಳಿದಳು, ನನಗೆ ಕೇಳಿಸಲ್ಲ ಅಂತ ಮೊದಲು ಗೊತ್ತಾಗಿದ್ದು ಯಾರಿಗೆ ಎಂದು. ಒಳಗೆ ಕೂತಿದ್ದ ಅವಳಮ್ಮನನ್ನು ತೋರಿಸಿದೆ. ಯಾವಾಗ ಎಂದಳು. ಒಂದು ಬೆರಳು ಎತ್ತಿದೆ. ನಿನಗೆ ಎಂದಳು. ನಾಲ್ಕು ಬೆರಳೆತ್ತಿ, ಎಂಟು ತಿಂಗಳು ಎಂದು ತೋರಿಸಲು ತಡವರಿಸಿದೆ. ಅವಳು ನನ್ನ ಕೈ ಹಿಡಿದು ಕೆಳಗಿಳಿಸಿದಳು, ಅರ್ಥವಾಯಿತು ಎಂದು.

ಆಮೇಲೆ ಇನ್ನೊಂದು ಕೇಳಿದಳು. ನನಗೆ ಅರ್ಥವಾಗಲಿಲ್ಲ. ಮತ್ತೆ ನಿಧಾನವಾಗಿ ಕೇಳಿದಳು. ಶಾಲೆಗೆ ಸೇರುವ ಮೊದಲು ನನಗೊಂದು ಹೆಸರಿದೆ ಅಂತ ನನಗೆ ಗೊತ್ತಿತ್ತಾ?

ತೊಟ್ಟಿಲ ಶಾಸ್ತ್ರದ ದಿನ ನನ್ನ ಅಕ್ಕ ಅವಳ ಕಿವಿಗೆ ಬಾಯಿಟ್ಟು ಮೂರು ಸಲ ಹೆಸರು ಹೇಳಿದ್ದಳು, ನಾವೆಲ್ಲ ಚಪ್ಪಾಳೆ ತಟ್ಟಿದ್ದೆವು. ಆ ಹೆಸರಿಗೆ ತಿರುಗಲಿಲ್ಲವೆಂದೇ ನಾನು ಅವಳಿಗೆ ಹೊಡೆದದ್ದು.

ಇಲ್ಲ ಎಂದು ತಲೆಯಾಡಿಸಿದೆ. ಅವಳು ನನ್ನ ಮುಖವನ್ನು ನೋಡಿ, ಎದ್ದು ಒಳಗೆ ಹೋಗಿ, ಅವಳಮ್ಮನ ಪಕ್ಕ ಕೂತು ಅವರೆಕಾಯಿ ಸುಲಿಯತೊಡಗಿದಳು.